ಹಾಲು ಇನ್ನೂ ಕಾದಿಲ್ಲ

2024ರಲ್ಲಿ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಒಂದೇ ಸುದ್ದಿ ನಾಲ್ಕು ಸಲ ಬಂತು. ಟೇಸ್ಟ್ ಅಟ್ಲಾಸ್ ಅನ್ನೋ ವೆಬ್‌ಸೈಟು ಜಗತ್ತಿನ ಕಾಫಿಗಳಿಗೆಲ್ಲ ರ‍್ಯಾಂಕ್ ಕೊಟ್ಟಿದೆ, ನಮ್ಮ ಫಿಲ್ಟರ್ ಕಾಫಿಗೆ ಎರಡನೇ ಸ್ಥಾನ, ಮೊದಲನೆಯದು ಕ್ಯೂಬಾದ ಎಸ್ಪ್ರೆಸೊ ಅಂತ. ನಮ್ಮ ದೊಡ್ಡಪ್ಪನಿಗೆ ಎರಡನೇ ಸ್ಥಾನ ಸಿಕ್ಕಿದ್ದಕ್ಕೆ ಖುಷಿಗಿಂತ ಮೊದಲನೆಯದು ತಪ್ಪಿದ್ದಕ್ಕೇ ಸಿಟ್ಟು ಜಾಸ್ತಿ. ಕ್ಯೂಬಾದವರು ಅದೇನು ಕುಡೀತಾರೆ ಅಂತ ಗುಂಪಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನು ಹುಡುಕಿ ನೋಡಿದೆ. ಮೊದಲು ಇಳಿಯುವ ಕೆಲವು ಹನಿ ಗಟ್ಟಿ ಕಾಫಿಗೆ ಸಕ್ಕರೆ ಸೇರಿಸಿ, ನೊರೆ ಬರುವ ತನಕ ಚಮಚದಲ್ಲಿ ಕಲಸಿ, ಅದರ ಮೇಲೆ ಉಳಿದ ಕಾಫಿ ಸುರಿಯುತ್ತಾರೆ. ಹಾಲಿನ ಸುದ್ದಿಯೇ ಇಲ್ಲ.

ಅಂದರೆ ಒಂದು ಕಡೆ ಹಾಲೇ ಇಲ್ಲದ ಪಾನೀಯ, ಇನ್ನೊಂದು ಕಡೆ ಮುಕ್ಕಾಲು ಲೋಟ ಹಾಲಿರುವ ಪಾನೀಯ. ಎರಡನ್ನೂ ಒಂದೇ ಪಟ್ಟಿಯಲ್ಲಿ ನಿಲ್ಲಿಸಿ ಅಂಕ ಹಾಕೋದು ಒಬ್ಬಟ್ಟಿಗೂ ಒಗ್ಗರಣೆ ಅವಲಕ್ಕಿಗೂ ಓಟ ಇಟ್ಟ ಹಾಗೆ. ಆವತ್ತು ನಾನು ಇದನ್ನು ಗುಂಪಿನಲ್ಲಿ ಬರೆಯಲಿಲ್ಲ. ದೊಡ್ಡಪ್ಪನ ಜೊತೆ ವಾದ ಮಾಡಿ ಗೆದ್ದವರು ನಮ್ಮ ವಂಶದಲ್ಲಿ ಯಾರೂ ಇಲ್ಲ.

ಈ ವಿಷಯ ನನ್ನನ್ನು ಕೊರೆಯೋಕೆ ಶುರು ಮಾಡಿದ್ದು ಬೇರೆ ಎರಡು ಸಂದರ್ಭದಲ್ಲಿ.

ಮೊದಲನೆಯದು, ಬೆಂಗಳೂರಿನ ಒಂದು ಸ್ಪೆಷಾಲಿಟಿ ಕಾಫಿ ಅಂಗಡಿಯಲ್ಲಿ ಆಫೀಸಿನವರೆಲ್ಲ ಸೇರಿ ಹೋಗಿದ್ದ ಕಪ್ಪಿಂಗ್ ಸೆಶನ್. ಗೊತ್ತಲ್ಲ, ಸಾಲಾಗಿ ಬಟ್ಟಲಿಟ್ಟು, ಚಮಚದಲ್ಲಿ ಸೊರ್ ಅಂತ ಸದ್ದು ಮಾಡಿ ಹೀರಿ, ಕಿತ್ತಳೆ ಇದೆಯಾ, ಮಲ್ಲಿಗೆ ಇದೆಯಾ ಅಂತ ಹೇಳೋದು. ಚೆನ್ನಾಗಿಯೇ ಇತ್ತು, ಸುಳ್ಳು ಹೇಳಲ್ಲ. ಕೊನೆಗೆ ಎಲ್ಲರೂ ತಮಗಿಷ್ಟವಾದ ಕಾಫಿ ಯಾವುದು ಅಂತ ಹೇಳಬೇಕಿತ್ತು. ನಾನು ಫಿಲ್ಟರ್ ಕಾಫಿ ಅಂದೆ. ಸೆಶನ್ ನಡೆಸುತ್ತಿದ್ದ ಹುಡುಗ ಬಹಳ ಸೌಜನ್ಯದಿಂದ ನಕ್ಕು, ಅದು ಕಾಫಿ ಅಲ್ಲ ಮ್ಯಾಮ್, ಮಿಲ್ಕ್ ಡ್ರಿಂಕ್ ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಬೇಜಾರಾಗಿದ್ದು ಆ ನಗುವಿನ ಬಗ್ಗೆ. ನನ್ನದರ ಬಗ್ಗೆ, ಅವನದರ ಬಗ್ಗೆ ಅಲ್ಲ.

ಎರಡನೆಯದು, ಅಪ್ಪ ಹೋದ ಮೇಲೆ ಅಮ್ಮ ಹಾಸನದ ಮನೆಗೆ ಬೀಗ ಹಾಕಿ ನನ್ನ ಜೊತೆ ಇರೋಕೆ ಬಂದಳು. ಎರಡು ತಿಂಗಳು ಫ್ಲಾಟಿನಿಂದ ಆಚೆ ಬರಲಿಲ್ಲ. ಒಂದು ಭಾನುವಾರ ಒತ್ತಾಯ ಮಾಡಿ ಅದೇ ಥರದ ಇನ್ನೊಂದು ಅಂಗಡಿಗೆ ಕರೆದುಕೊಂಡು ಹೋಗಿ ಕ್ಯಾಪುಚಿನೊ ತರಿಸಿಕೊಟ್ಟೆ. ಮೇಲೆ ಎಲೆಯ ಚಿತ್ತಾರ, ಕನ್ನಡಿಯಂಥ ನೊರೆ. ಅಮ್ಮ ಒಂದು ಗುಟುಕು ಕುಡಿದಳು, ಕಪ್ಪು ಕೆಳಗಿಟ್ಟಳು, ಪಕ್ಕದ ಟೇಬಲ್ಲಿನವರಿಗೆ ಕೇಳಿಸಬಾರದು ಅಂತ ದನಿ ತಗ್ಗಿಸಿ ಹೇಳಿದಳು, ಹಾಲು ಇನ್ನೂ ಕಾದಿಲ್ಲ ಕಣೇ.

ನಾನು ಬಿಸಿ ಸಾಲದೇನೋ ಅಂದುಕೊಂಡೆ. ಅಮ್ಮ ಹೇಳಿದ್ದು ಅದಲ್ಲ. ಬಿಸಿ ಇದೆ, ಆದರೆ ಕಾದಿಲ್ಲ. ಕನ್ನಡದಲ್ಲಿ ಇವೆರಡೂ ಬೇರೆ ಅಂತ ನನಗೆ ಆ ಕ್ಷಣದ ತನಕ ಹೊಳೆದಿರಲಿಲ್ಲ. ಬಿಸಿ ಅಂದರೆ ಉಷ್ಣಾಂಶ. ಕಾದದ್ದು ಅಂದರೆ ಹಾಲಿಗೆ ಏನೋ ಆಗಿ ಮುಗಿದಿದೆ ಅಂತ. ಉಕ್ಕಿದೆ, ಹಸಿ ಹೋಗಿದೆ, ಇನ್ನು ಕೆನೆ ಕಟ್ಟುತ್ತದೆ ಅಂತ.

ಅಮ್ಮ ಹೇಳಿದ್ದು ನೂರಕ್ಕೆ ನೂರು ಸರಿ. ಬರಿಸ್ತಾಗಳು ಹಾಲನ್ನು ಆವಿಯಲ್ಲಿ ಸುಮಾರು 60ರಿಂದ 65 ಡಿಗ್ರಿ ಸೆಲ್ಸಿಯಸ್‌ಗೆ ನಿಲ್ಲಿಸುತ್ತಾರೆ. ಆ ಮಟ್ಟದಲ್ಲಿ ಹಾಲು ಸಿಹಿ ಅನ್ನಿಸುತ್ತದೆ, ನೊರೆ ರೇಷ್ಮೆಯ ಹಾಗೆ ನಿಲ್ಲುತ್ತದೆ. 70 ದಾಟಿದರೆ ಹಾಲಿನೊಳಗಿನ ವೇ ಪ್ರೋಟೀನು ತನ್ನ ಆಕಾರ ಬಿಚ್ಚಿಕೊಳ್ಳುತ್ತದೆ, ಅದರಲ್ಲಿರುವ ಗಂಧಕದ ಅಂಶ ಸಣ್ಣಗೆ ವಾಸನೆ ಬಿಡುತ್ತದೆ. ಅವರ ಭಾಷೆಯಲ್ಲಿ ಇದು ಸುಟ್ಟ ಹಾಲು, ಚೆಲ್ಲಬೇಕಾದ ಹಾಲು. ನಮ್ಮ ಭಾಷೆಯಲ್ಲಿ ಅದೇ ಕಾದ ಹಾಲು. ಅವರು ತಪ್ಪು ಅಂತ ಕರೆಯುವ ಜಾಗದಲ್ಲೇ ನಮ್ಮ ಕಾಫಿ ಶುರುವಾಗುತ್ತದೆ.

ಇಲ್ಲಿಂದ ನನ್ನ ತಕರಾರು ಶುರು. ಹೊಸ ಕಾಫಿ ಸಂಸ್ಕೃತಿ ಹುರುಳಿನ ಬಗ್ಗೆ ಎಷ್ಟು ಮಾತಾಡುತ್ತದೆ ನೋಡಿ. ಯಾವ ಎಸ್ಟೇಟು, ಎಷ್ಟು ಎತ್ತರ, ಯಾವ ತಳಿ, ಹಣ್ಣನ್ನು ಹೇಗೆ ಒಣಗಿಸಿದರು, ಯಾವ ದಿನ ಹುರಿದರು, ಎಲ್ಲ ಚೀಟಿಯ ಮೇಲೆ ಇರುತ್ತದೆ. ಹಾಲಿನ ಬಗ್ಗೆ ಮೆನುವಿನಲ್ಲಿ ಇರೋದು ಒಂದೇ ಸಾಲು, ಓಟ್ ಮಿಲ್ಕ್‌ಗೆ ಎಕ್ಸ್‌ಟ್ರಾ ಚಾರ್ಜ್. ಕಪ್ಪಿನ ಮುಕ್ಕಾಲು ಭಾಗ ತುಂಬಿರುವ ವಸ್ತುವನ್ನು ಮುಚ್ಚಳ ಅಂತಲೇ ಭಾವಿಸಿದ್ದಾರೆ. ಕೆಟ್ಟ ಕಾಫಿಯನ್ನು ಮುಚ್ಚೋಕೆ ಹಾಲು ಅಂತ. ಜಗತ್ತಿನ ಹಳೆಯ ಹಾಲು-ಕಾಫಿಗಳನ್ನು ಒಂದೊಂದಾಗಿ ನೋಡುತ್ತಾ ಹೋದರೆ ಈ ಮಾತು ನಿಲ್ಲೋದಿಲ್ಲ. ಪ್ರತಿಯೊಂದೂ ಆ ಊರಿಗೆ ಸಿಗುತ್ತಿದ್ದ, ಅಥವಾ ಸಿಗದೇ ಹೋದ, ಹಾಲಿಗೆ ಕಂಡುಕೊಂಡ ಉಪಾಯ.

ವಿಯೆಟ್ನಾಂ ತಗೊಳ್ಳಿ. ಪ್ರಾಜೆಕ್ಟ್ ಕೆಲಸಕ್ಕೆ ಸಿಂಗಪುರದಲ್ಲಿ ಆರು ತಿಂಗಳು ಇದ್ದಾಗ ಒಂದು ಉದ್ದ ವಾರಾಂತ್ಯದಲ್ಲಿ ಹನೋಯ್‌ಗೆ ಹೋಗಿದ್ದೆ. ಫ್ರೆಂಚರು ಅಲ್ಲಿಗೆ ಕಾಫಿ ತಂದಿದ್ದು 1857ರಲ್ಲಿ. ತಮ್ಮೂರಿನ ಹಾಗೆ ಬೆಳಗ್ಗೆ ಬೋಗುಣಿ ತುಂಬ ಹಾಲು ಹಾಕಿ ಕುಡಿಯೋಣ ಅಂದರೆ ಆ ಸೆಖೆಯಲ್ಲಿ ತಾಜಾ ಹಾಲು ಎಲ್ಲಿಂದ ತರೋದು? ಹೈನುಗಾರಿಕೆಯ ದೇಶವಲ್ಲ, ಫ್ರಿಜ್ಜು ಇಲ್ಲದ ಕಾಲ. ಅಷ್ಟರಲ್ಲಿ ಅಮೆರಿಕದಲ್ಲಿ ಗೇಲ್ ಬಾರ್ಡನ್ ಹಾಲನ್ನು ಗಟ್ಟಿ ಮಾಡಿ ಡಬ್ಬಿಗೆ ತುಂಬೋದಕ್ಕೆ ಪೇಟೆಂಟ್ ತೆಗೆದುಕೊಂಡಾಗಿತ್ತು, 1856ರಲ್ಲಿ. ಆ ಡಬ್ಬಿ ಹಡಗು ಹತ್ತಿ ಬಂತು. ಕಂಡೆನ್ಸ್ಡ್ ಮಿಲ್ಕಿನಲ್ಲಿ ಶೇಕಡಾ 40ಕ್ಕಿಂತ ಹೆಚ್ಚು ಸಕ್ಕರೆ. ಅದನ್ನು ತಡೆದುಕೊಳ್ಳೋಕೆ ಕಾಫಿಯೂ ಅಷ್ಟೇ ಗಡುಸಾಗಿರಬೇಕು. ವಿಯೆಟ್ನಾಂ ಬೆಳೆಯೋದು ಬಹುಪಾಲು ರೋಬಸ್ಟಾ, ಕಹಿ ಜಾಸ್ತಿ, ಕೆಫೀನು ಅರೇಬಿಕಾದ ಹತ್ತಿರ ಹತ್ತಿರ ಎರಡರಷ್ಟು. ಅದನ್ನು ಕಪ್ಪಗೆ ಹುರಿದು, ಫಿನ್ ಅನ್ನೋ ಪುಟ್ಟ ಲೋಹದ ಫಿಲ್ಟರಿನಿಂದ ಹನಿಹನಿಯಾಗಿ ಇಳಿಸುತ್ತಾರೆ. ಫಿನ್ ನೋಡಿದ ತಕ್ಷಣ ನನಗೆ ನಮ್ಮ ಫಿಲ್ಟರಿನ ಚಿಕ್ಕಪ್ಪನ ಮಗನನ್ನು ನೋಡಿದ ಹಾಗಾಯಿತು. ಕೆಳಗಿನ ಗ್ಲಾಸಿನಲ್ಲಿ ಬೆಳ್ಳಗೆ ಕೂತ ಹಾಲು, ಮೇಲೆ ಕಪ್ಪು. ಕಲಸಿ, ಐಸಿನ ಮೇಲೆ ಸುರಿದು ಕುಡಿಯೋದು. ದಕ್ಷಿಣದಲ್ಲಿ ಕಾ ಫೆ ಸುವಾ ದಾ ಅಂದರೆ ಹನೋಯ್‌ನಲ್ಲಿ ಸುಮ್ಮನೆ ಕಂದು ಕಾಫಿ ಅಂತಾರೆ.

ಅದೇ ಹನೋಯ್‌ನಲ್ಲಿ ಮೊಟ್ಟೆ ಕಾಫಿಯೂ ಇದೆ. 1946ರಲ್ಲಿ, ಹಾಲಿಗೆ ಬರ ಬಂದಾಗ, ಮೆಟ್ರೊಪೋಲ್ ಹೋಟೆಲಿನಲ್ಲಿ ಕೆಲಸ ಮಾಡುತ್ತಿದ್ದ ನುಯೆನ್ ವಾನ್ ಜಾಂಗ್ ಅನ್ನುವವರು ಹಾಲಿನ ನೊರೆಯ ಬದಲು ಮೊಟ್ಟೆಯ ಹಳದಿಯನ್ನು ಸಕ್ಕರೆ ಜೊತೆ ಕಡೆದು ಮೇಲೆ ಹಾಕಿದರು. ಅವರ ಹೆಸರಿನ ಅಂಗಡಿ ಈಗಲೂ ಮನೆಯವರ ಕೈಯಲ್ಲೇ ಇದೆ. ಕುಡಿದೆ. ಹಾಲೇ ಇಲ್ಲದೆ ಹಾಲಿನ ಆಸೆಯನ್ನು ಕುಡಿಸುವ ಕಾಫಿ ಅದು. ನನಗೆ ಸ್ವಲ್ಪ ಅತಿಯಾಯಿತು, ಅರ್ಧಕ್ಕೆ ನಿಲ್ಲಿಸಿದೆ. ಆದರೆ ಅದನ್ನು ಕಂಡುಹಿಡಿದ ಬುದ್ಧಿಗೆ ಕೈ ಮುಗಿದೆ.

ಈಗ ಬೆಂಗಳೂರಿನ ಕೆಫೆಗಳಲ್ಲಿ ವಿಯೆಟ್ನಮೀಸ್ ಅಂತ ಕೊಡುವುದನ್ನು ನೋಡಿ. ಹಗುರ ಹುರಿದ, ಹುಳಿಹುಳಿ ಅರೇಬಿಕಾದ ಕೆಳಗೆ ಕಂಡೆನ್ಸ್ಡ್ ಮಿಲ್ಕ್. ಹಣ್ಣಿನ ರಸಕ್ಕೆ ಪೇಡಾ ಅದ್ದಿದ ಹಾಗಿರುತ್ತದೆ. ಹುರುಳು ಒಳ್ಳೆಯದೇ, ಹಾಲೂ ಒಳ್ಳೆಯದೇ, ಆದರೆ ಒಂದಕ್ಕೊಂದು ಪರಿಚಯವೇ ಇಲ್ಲ. ಸ್ಪ್ಯಾನಿಶ್ ಲಾಟೆಯೂ ಹೀಗೇ. ಈ ಹೆಸರು ಹೇಳಿ ಮ್ಯಾಡ್ರಿಡ್‌ನ ಬಾರಿನಲ್ಲಿ ನಿಂತರೆ ಅವರು ಮುಖ ಮುಖ ನೋಡಿ ಕಾಫೆ ಕೊನ್ ಲೆಚೆ ಕೊಟ್ಟಾರು, ಸಾದಾ ಕಾಫಿ ಮತ್ತು ಬಿಸಿ ಹಾಲು. ಕಂಡೆನ್ಸ್ಡ್ ಮಿಲ್ಕ್ ಹಾಕಿದ್ದಕ್ಕೆ ಅಲ್ಲಿ ಬೊಂಬೊನ್ ಅನ್ನೋ ಬೇರೆಯೇ ಹೆಸರಿದೆ.

ಸಿಂಗಪುರದ ಕೋಪಿಯಲ್ಲಿ ಹಾಲೇ ವ್ಯಾಕರಣ. ಅಲ್ಲಿ ಹುರುಳನ್ನು ಸಕ್ಕರೆ, ಮಾರ್ಗರೀನ್ ಜೊತೆ ಹುರಿಯುತ್ತಾರೆ, ಬಟ್ಟೆಯ ಚೀಲದಲ್ಲಿ ಸೋಸುತ್ತಾರೆ. ಬರೀ ಕೋಪಿ ಅಂದರೆ ಕಂಡೆನ್ಸ್ಡ್ ಹಾಲು ಹಾಕಿದ್ದು. ಕೋಪಿ-ಸಿ ಅಂದರೆ ಇವಾಪರೇಟೆಡ್ ಹಾಲು, ಸಕ್ಕರೆ ಬೇರೆ. ಕೋಪಿ-ಓ ಅಂದರೆ ಹಾಲಿಲ್ಲ. ಅಂದರೆ ಹಾಲಿರೋದು ಸಹಜ, ಇಲ್ಲದಿರೋದಕ್ಕೆ ಪ್ರತ್ಯಯ ಸೇರಿಸಬೇಕು. ನಮ್ಮಲ್ಲೂ ಹಾಗೇ ಅಲ್ವಾ? ಕಾಫಿ ಅಂದರೆ ಹಾಲಿದ್ದೇ ಇರುತ್ತದೆ, ಇಲ್ಲದಿದ್ದರೆ ಬ್ಲ್ಯಾಕ್ ಕಾಫಿ ಅಂತ ಇಂಗ್ಲಿಷಿನಲ್ಲಿ ಹೇಳಬೇಕು. ಮೊದಲ ವಾರ ಆಫೀಸಿನ ಕೆಳಗಿನ ಕೋಪಿಟಿಯಾಮ್‌ನಲ್ಲಿ ನಿಂತು ಕೋಪಿ-ಸಿ ಕೊಸೊಂಗ್ ಅಂತ ಸರಿಯಾಗಿ ಹೇಳಿದ ದಿನ ನನಗೆ ಆ ಊರು ಅರ್ಧ ನನ್ನದು ಅನ್ನಿಸಿತ್ತು.

ಯುರೋಪಿನಲ್ಲಿ ಹಾಲಿಗೆ ಬರವಿರಲಿಲ್ಲ. ಹಾಗಾಗಿ ಅಲ್ಲಿ ಹಾಲು ಬೇರೆ ಬೇರೆ ವೇಷ ಹಾಕಿತು. 1685ರಲ್ಲೇ ಗ್ರೆನೋಬಲ್ ಊರಿನ ಮೊನಿನ್ ಎಂಬ ವೈದ್ಯ ಹಾಲು ಹಾಕಿದ ಕಾಫಿಯನ್ನು ಔಷಧಿ ಅಂತ ಕೊಡುತ್ತಿದ್ದನಂತೆ. ಔಷಧಿ ಆಮೇಲೆ ಫ್ರಾನ್ಸಿನ ಬೆಳಗಿನ ತಿಂಡಿಯಾಯಿತು. ವಿಯೆನ್ನಾದವರು ಕಾಪುಚಿನ್ ಸನ್ಯಾಸಿಗಳ ನಿಲುವಂಗಿಯ ಬಣ್ಣ ಬರುವ ತನಕ ಹಾಲೋ ಕೆನೆಯೋ ಸೇರಿಸಿ ಅದನ್ನು ಕಪುಟ್ಸಿನರ್ ಅಂದರು. ಇಟಲಿಯವರ ಕ್ಯಾಪುಚಿನೊ ಆ ಹೆಸರಿನ ಸಂಬಂಧಿ. ಆದರೆ ಈಗ ನಾವು ಕುಡಿಯುವ ರೂಪ ಬಂದದ್ದು ಯಂತ್ರದಿಂದ. 1901ರಲ್ಲಿ ಬೆಜ್ಜೆರಾ ಯಂತ್ರಕ್ಕೆ ಪೇಟೆಂಟು, 1948ರ ಹೊತ್ತಿಗೆ ಗಾಜಿಯಾ ಕಂಪನಿಯ ಲಿವರ್ ಯಂತ್ರ, ಹೆಚ್ಚು ಒತ್ತಡ, ಮೇಲೆ ಚಿನ್ನದ ಬಣ್ಣದ ಕ್ರೆಮಾ. ಆ ಯಂತ್ರದ ಬಾಯ್ಲರಿನಲ್ಲಿ ಆವಿ ಇದ್ದೇ ಇತ್ತು, ಅದನ್ನು ಹಾಲಿಗೆ ಬಿಟ್ಟರು. ಹಾಲು ಉಕ್ಕುವ ತನಕ ಕಾಯಬೇಕಿಲ್ಲ, ಅರ್ಧ ನಿಮಿಷದಲ್ಲಿ ಕೆಲಸ ಮುಗಿಯುತ್ತದೆ, ಗಿರಾಕಿ ಕೌಂಟರಿನಲ್ಲಿ ನಿಂತೇ ಕುಡಿದು ಹೋಗುತ್ತಾನೆ. 60 ಡಿಗ್ರಿಯ ಹಾಲು ರುಚಿಯ ಪರಮ ಸತ್ಯ ಅಲ್ಲ, ಒಂದು ಯಂತ್ರ, ಒಂದು ಅವಸರ, ಒಂದು ಶುದ್ಧೀಕರಿಸಿದ ತಾಜಾ ಹಾಲಿನ ಪೂರೈಕೆ, ಮೂರೂ ಕೂಡಿದಾಗ ಸಿಕ್ಕ ಒಳ್ಳೆಯ ಉತ್ತರ.

ನಮ್ಮ ಹಾಲು ಅಂಥ ಹಾಲಾಗಿರಲಿಲ್ಲ. ಹಟ್ಟಿಯಿಂದ ಬಂದ ಹಾಲು, ಹಾಲಿನವನ ಕ್ಯಾನಿನಿಂದ ಬಂದ ಹಾಲು. ಕಾಯಿಸದೆ ಕುಡಿದರೆ ಹೊಟ್ಟೆ ಕೆಡೋದು ಖಾತ್ರಿ. ಎಮ್ಮೆ ಹಾಲಾದರೆ ಕೊಬ್ಬು ಆರು ಏಳು ಶೇಕಡಾ, ಒಲೆಯ ಮೇಲೆ ಕಾದಷ್ಟೂ ನೀರು ಆವಿಯಾಗಿ ಗಟ್ಟಿ. ಈ ಹಾಲಿಗೆ ನಾಜೂಕಿನ ಕಾಫಿ ಹಾಕಿದರೆ ಕಾಣೆಯಾಗುತ್ತದೆ. ಅದಕ್ಕೇ ಡಿಕಾಕ್ಷನ್ನು, ಅದಕ್ಕೇ ಚಿಕೋರಿ. ಚಿಕೋರಿಯನ್ನು ಕಲಬೆರಕೆ ಅಂತ ಬಯ್ಯುವ ಮೊದಲು ಅದರ ಹಾದಿ ನೋಡಿ. 1806ರಲ್ಲಿ ನೆಪೋಲಿಯನ್ ಇಂಗ್ಲೆಂಡಿನ ವ್ಯಾಪಾರಕ್ಕೆ ದಿಗ್ಬಂಧನ ಹಾಕಿದಾಗ ಫ್ರಾನ್ಸಿನಲ್ಲಿ ಕಾಫಿಗೆ ಬರ ಬಂದು ಈ ಬೇರಿಗೆ ಬೇಡಿಕೆ ಏರಿತು. ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಅಂತರ್ಯುದ್ಧದ ಕಾಲದಲ್ಲಿ ಬಂದರು ಮುಚ್ಚಿದಾಗಲೂ ಅದೇ ಕಥೆ. 1862ರ ಕಾಫೆ ದು ಮೋಂಡ್ ಇವತ್ತಿಗೂ ಚಿಕೋರಿ ಕಾಫಿಗೆ ಸಮ ಸಮ ಬಿಸಿ ಹಾಲು ಹಾಕಿ ಕೊಡುತ್ತದೆ. ಬರ ಮುಗಿದ ಮೇಲೂ ಅವರು ಅದನ್ನು ಬಿಡಲಿಲ್ಲ, ಯಾಕಂದರೆ ಹಾಲಿನ ಜೊತೆ ಅದು ಒಪ್ಪುತ್ತಿತ್ತು. ಹಾಗಂತ ಚಿಕೋರಿ ಪರವಾಗಿ ಪೂರ್ತಿ ವಕಾಲತ್ತು ಹಾಕಲ್ಲ. ನಮ್ಮ ಕಾನೂನಿನ ಪ್ರಕಾರ ಮಿಶ್ರಣದಲ್ಲಿ ಕಾಫಿ ಶೇಕಡಾ 51 ಇದ್ದರೆ ಸಾಕು. 20 ಭಾಗ ಚಿಕೋರಿ ಒಂದು ಅಭಿರುಚಿ. 49 ಭಾಗ ಅನ್ನೋದು ವ್ಯಾಪಾರ.

ಡಿಗ್ರಿ ಕಾಫಿ ಅನ್ನೋ ಮಾತು ಎಲ್ಲಿಂದ ಬಂತು ಅನ್ನೋದಕ್ಕೆ ಹಲವು ಕಥೆಗಳಿವೆ. ಹೆಚ್ಚು ಜನ ಹೇಳೋದು ಇದು: ಹಾಲಿಗೆ ನೀರು ಬೆರೆಸಿದ್ದಾರಾ ಅಂತ ಲ್ಯಾಕ್ಟೋಮೀಟರ್ ಅದ್ದಿ ನೋಡುತ್ತಿದ್ದರು, ಆ ಅಳತೆಯ ಡಿಗ್ರಿ ಪಾಸಾದ ಹಾಲಿನ ಕಾಫಿ ಡಿಗ್ರಿ ಕಾಫಿ. ಈ ಕಥೆ ನಿಜವಾದರೆ ಕುಂಭಕೋಣದವರು ತಮ್ಮ ಕಾಫಿಗೆ ಪದವಿ ಕೊಟ್ಟದ್ದು ಹುರುಳು ನೋಡಿ ಅಲ್ಲ, ಹಾಲು ನೋಡಿ. ಮಿಲ್ಕ್ ಡ್ರಿಂಕ್ ಅಂದ ಆ ಹುಡುಗನಿಗೆ ಇದನ್ನು ಹೇಳಬೇಕಿತ್ತು. ಹೌದಪ್ಪ, ಮಿಲ್ಕ್ ಡ್ರಿಂಕೇ, ಏನೀಗ?

ಇಷ್ಟು ಹೊತ್ತು ಓದಿದವರಲ್ಲಿ ಕೆಲವರು ತಲೆದೂಗಿ, ಹಾಗಾದರೆ ನಮ್ಮ ಫಿಲ್ಟರ್ ಕಾಫಿಯೇ ಶ್ರೇಷ್ಠ ಅಂತ ದೊಡ್ಡಪ್ಪನ ಪಕ್ಕ ಹೋಗಿ ಕೂತಿರಬಹುದು. ಅವರ ಜೊತೆಗೂ ನನಗೆ ಜಗಳ ಇದೆ.

ಒಂದು, ಇದು ಸಾವಿರ ವರ್ಷದ ಪರಂಪರೆ ಏನಲ್ಲ. ಬಾಬಾ ಬುಡನ್ ಯೆಮನ್‌ನಿಂದ ಏಳು ಬೀಜ ತಂದ ಕಥೆ 17ನೇ ಶತಮಾನದ್ದು, ಅದೂ ಗಿಡದ ಕಥೆ, ಲೋಟದ ಕಥೆಯಲ್ಲ. ಮಧ್ಯಮ ವರ್ಗದ ಮನೆಗಳಿಗೆ ಕಾಫಿ ನುಗ್ಗಿದ್ದು 20ನೇ ಶತಮಾನ ಹುಟ್ಟುವ ಆಸುಪಾಸಿನಲ್ಲಿ. ಆಗ ಅದು ಮನೆ ಹಾಳು ಮಾಡುವ ಚಟ ಅಂತ ಬಯ್ಯಿಸಿಕೊಂಡಿತ್ತು. ತಮಿಳುನಾಡಿನ ಮಟ್ಟಿಗೆ ಎ. ಆರ್. ವೆಂಕಟಾಚಲಪತಿ ಇದರ ಬಗ್ಗೆ ಸೊಗಸಾಗಿ ಬರೆದಿದ್ದಾರೆ. ಆಮೇಲೆ 1930ರ ದಶಕದಲ್ಲಿ ಬೆಲೆ ಬಿದ್ದಾಗ ಬೆಳೆಗಾರರ ಕಾಫಿಯನ್ನು ದೇಶದೊಳಗೇ ಕುಡಿಸಬೇಕು ಅಂತ ಸೆಸ್ ಕಮಿಟಿಯ ಪ್ರಚಾರ, 1936ರಲ್ಲಿ ಮುಂಬಯಿಯಲ್ಲಿ ಇಂಡಿಯಾ ಕಾಫಿ ಹೌಸ್. ಯುದ್ಧ ಬಂದು ಯುರೋಪಿನ ಬಾಗಿಲು ಮುಚ್ಚಿದಾಗ ಒಳಗಿನ ಗಿರಾಕಿ ಇನ್ನೂ ಬೇಕಾದ. ಮುಂದೆ ಮಂಡಳಿ ಕಾಫಿ ಹೌಸ್‌ಗಳನ್ನು ಮುಚ್ಚಲು ಹೊರಟಾಗ ಎ. ಕೆ. ಗೋಪಾಲನ್ ಜೊತೆ ನಿಂತು ಕಾರ್ಮಿಕರೇ ಸಹಕಾರ ಸಂಘ ಕಟ್ಟಿಕೊಂಡರು. ಅವುಗಳಲ್ಲಿ ಮೊದಲನೆಯದು ಬೆಂಗಳೂರಿನದೇ, 1957ರಲ್ಲಿ. ಅಂದರೆ ನಮ್ಮ ಅಜ್ಜ ಅಜ್ಜಿಯರ ಅನಾದಿ ಅಭ್ಯಾಸದ ಹಿಂದೆ ಜಾಹೀರಾತಿನವರೂ ಇದ್ದರು.

ಎರಡು, ಲೋಟ ಬಟ್ಟಲಿನ ಬಗ್ಗೆ ನಾವು ಬರೆಯುವ ಕವಿತೆ. ತುಟಿ ತಾಗದ ಹಾಗೆ ಎತ್ತಿ ಕುಡಿಯುವ ಆ ಕ್ರಮ ಎಂಜಲಿನ ಲೆಕ್ಕಾಚಾರಕ್ಕೆ ಎಷ್ಟು ಅನುಕೂಲವಾಗಿತ್ತು ಅನ್ನೋದು ಎಲ್ಲರಿಗೂ ಗೊತ್ತು, ಹೇಳೋರು ಕಡಿಮೆ. ಹಳೆಯ ಕಾಫಿ ಕ್ಲಬ್ಬುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಜಾಗ ಇತ್ತು. ಹಳ್ಳಿಗಳ ಹೋಟೆಲುಗಳಲ್ಲಿ ದಲಿತರಿಗೆ ಬೇರೆ ಲೋಟ ಇಟ್ಟದ್ದು, ಅದನ್ನು ಅವರೇ ತೊಳೆದಿಡಬೇಕಾಗಿದ್ದದ್ದು ಹಳೆಯ ಕಾಲದ ಮಾತು ಅಂತ ಪೂರ್ತಿ ಹೇಳೋ ಹಾಗೂ ಇಲ್ಲ. ನಮ್ಮೂರ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಗೂಡಿನ ಮೂಲೆಯಲ್ಲಿ ಕವುಚಿಟ್ಟಿದ್ದ ಎರಡು ಗಾಜಿನ ಲೋಟ ನಾನು ಚಿಕ್ಕವಳಾಗಿದ್ದಾಗ ಕಂಡದ್ದು. ಅವು ಯಾರಿಗೆ ಅಂತ ಕೇಳಿದಾಗ ಅಪ್ಪ ಉತ್ತರ ಕೊಡದೆ ಕಾಫಿ ಅರ್ಧಕ್ಕೆ ಬಿಟ್ಟು ಎದ್ದಿದ್ದರು. ಅದು ನಾಚಿಕೆಯೋ ಪ್ರಶ್ನೆ ತಪ್ಪಿಸಿಕೊಳ್ಳುವ ಆತುರವೋ ಈಗ ಕೇಳೋಕೆ ಅಪ್ಪ ಇಲ್ಲ. ಹಿತ್ತಾಳೆಯ ಲೋಟದ ಫೋಟೋ ಹಾಕಿ ಸಂಸ್ಕೃತಿ ಅಂತ ಬರೆಯುವವರನ್ನು ಕಂಡಾಗಲೆಲ್ಲ ನನಗೆ ಆ ಗಾಜಿನ ಲೋಟಗಳು ನೆನಪಾಗುತ್ತವೆ. ದರ್ಶಿನಿಯ ಸ್ಟೀಲ್ ಲೋಟವನ್ನು ನಾನು ಇಷ್ಟಪಡೋಕೆ ಇದೂ ಒಂದು ಕಾರಣ. ಅಲ್ಲಿ ಟೋಕನ್ನು ಕೊಟ್ಟವನಿಗೆ ಲೋಟ, ಅಷ್ಟೇ.

ಮೂರು, ದರ್ಶಿನಿಯನ್ನು ಹೊಗಳಿದ್ದು ಸಾಕು, ಅಲ್ಲಿನ ಕಾಫಿ ಕೆಡುತ್ತಿದೆ. ಮುಂಜಾನೆ ಆರಕ್ಕೆ ಸಿಗೋದು ಬೇರೆ, ಹನ್ನೊಂದಕ್ಕೆ ಸಿಗೋದು ಬೇರೆ. ಬೆಳಗಿನಿಂದ ಸಣ್ಣ ಉರಿಯ ಮೇಲೆ ಕೂತ ಹಾಲು ಕಾದ ಹಾಲಲ್ಲ, ಬೆಂದ ಹಾಲು. ಅದರ ಮೇಲೆ ಮೊದಲೇ ಸಕ್ಕರೆ ಬೆರೆಸಿಟ್ಟ, ಎರಡನೇ ಸಲ ನೀರು ಬಿಟ್ಟು ಇಳಿಸಿದ ಡಿಕಾಕ್ಷನ್ನು. ಹಾಲು ಮುಖ್ಯ ಅಂತ ನಾನು ವಾದಿಸುತ್ತಿರುವಾಗ ಇದನ್ನು ಬಿಟ್ಟುಬಿಡೋಕೆ ಆಗಲ್ಲ. ಹಾಗೆಯೇ, ಹಿತ್ತಾಳೆ ಸೆಟ್ಟಿನಲ್ಲಿ ಇನ್ನೂರು ರೂಪಾಯಿಗೆ ಫಿಲ್ಟರ್ ಕಾಪಿ ಅಂತ ಎಸ್ಪ್ರೆಸೊಗೆ 60 ಡಿಗ್ರಿ ಹಾಲು ಹಾಕಿ ಕೊಡುವ ಕೆಫೆಯೂ ನನ್ನ ಪಟ್ಟಿಯಲ್ಲಿ ಫೇಲು. ಅದು ಕೆಟ್ಟ ಪಾನೀಯ ಅಂತ ಅಲ್ಲ. ಹೆಸರು ಸುಳ್ಳು.

ಇದರ ಮಧ್ಯೆ ಇನ್ನೊಂದು ವಿಚಿತ್ರ. ದೇಶದ ಕಾಫಿಯಲ್ಲಿ ಸುಮಾರು 70 ಶೇಕಡಾ ಬೆಳೆಯೋದು ಕರ್ನಾಟಕ. ದೇಶದ ಬೆಳೆಯ ದೊಡ್ಡ ಪಾಲು ಹೊರಗೆ ಹೋಗುತ್ತದೆ. ಅದನ್ನು ಅತಿ ಹೆಚ್ಚು ಕೊಳ್ಳೋದು ಇಟಲಿ. ಕೊಡಗಿನ ರೋಬಸ್ಟಾ ಅಲ್ಲಿ ಎಸ್ಪ್ರೆಸೊ ಮಿಶ್ರಣಕ್ಕೆ ಸೇರಿ ಕ್ರೆಮಾಗೆ ಮೈ ಕೊಡುತ್ತದೆ. ಹಾಸನದ ನಮ್ಮ ಮನೆಯಿಂದ ಸಕಲೇಶಪುರದ ತೋಟಗಳಿಗೆ ಒಂದು ಗಂಟೆ ದಾರಿ ಇಲ್ಲ. ಆದರೂ ಮನೆಗೆ ಬರುತ್ತಿದ್ದದ್ದು ಪುಡಿ ಅಂಗಡಿಯವನು ಕೊಟ್ಟ ಪುಡಿ, ಯಾವ ತೋಟದ್ದು ಅಂತ ಯಾರೂ ಕೇಳಿದವರಲ್ಲ. ಈ ವಿಷಯದಲ್ಲಿ ಸ್ಪೆಷಾಲಿಟಿ ಅಂಗಡಿಯವರಿಗೆ ನಾನು ಋಣಿ. ಚೀಟಿಯ ಮೇಲೆ ತೋಟದ ಹೆಸರು ಬರೆಯೋಕೆ ಶುರು ಮಾಡಿದವರು ಅವರು. 1990ರ ದಶಕದವರೆಗೂ ಬೆಳೆಗಾರರ ಕಾಫಿಯೆಲ್ಲ ಮಂಡಳಿಯ ಒಂದೇ ರಾಶಿಗೆ ಹೋಗುತ್ತಿತ್ತು, ಒಬ್ಬನ ಒಳ್ಳೆಯ ಬೆಳೆಗೆ ಅವನ ಹೆಸರೇ ಇರಲಿಲ್ಲ. ಅವರು ಹುರುಳಿಗೆ ಕೊಟ್ಟ ಮರ್ಯಾದೆಯನ್ನು ಹಾಲಿಗೂ ಕೊಡಲಿ ಅನ್ನೋದಷ್ಟೇ ನನ್ನ ಜಗಳ. ವರ್ಲ್ಡ್ ಬರಿಸ್ತಾ ಚಾಂಪಿಯನ್‌ಶಿಪ್‌ನಲ್ಲೇ ಸ್ಪರ್ಧಿಗಳು ಎಸ್ಪ್ರೆಸೊ, ಹಾಲಿನ ಪಾನೀಯ, ಸ್ವಂತ ಪಾನೀಯ ಅಂತ ಮೂರು ಸುತ್ತು ಕಾಫಿ ಕೊಡಬೇಕು. ಅಲ್ಲೂ ಮೂರರಲ್ಲಿ ಒಂದು ಹಾಲಿನದು.

ಮಾತು ಸಾಕು ಅಂತ ಒಂದು ಶನಿವಾರ ಮನೆಯಲ್ಲೇ ಪರೀಕ್ಷೆ ಇಟ್ಟೆ. ಎರಡು ಫಿಲ್ಟರು, ಎರಡು ಪುಡಿ. ಒಂದು ಶೇಕಡಾ 20 ಚಿಕೋರಿ ಬೆರೆತ ಪೀಬೆರಿ, ಇನ್ನೊಂದು ಚಿಕ್ಕಮಗಳೂರಿನ ಒಂದೇ ತೋಟದ, ಮಧ್ಯಮ ಹುರಿದ ಅರೇಬಿಕಾ. ಹಾಲು ಒಂದೇ, ನಂದಿನಿ ಶುಭಂ, ಕೊಬ್ಬು ಶೇಕಡಾ 4.5. ಒಂದು ಪಾತ್ರೆಯದನ್ನು ಅಡುಗೆ ಥರ್ಮಾಮೀಟರ್ ಹಿಡಿದು 62 ಡಿಗ್ರಿಗೆ ಇಳಿಸಿದೆ. ಪ್ಯಾಶ್ಚರೈಸ್ ಆದ ಹಾಲು, ಭಯವಿಲ್ಲ. ಇನ್ನೊಂದನ್ನು ಉಕ್ಕಿಸಿ, ಉರಿ ಸಣ್ಣ ಮಾಡಿ, ಇನ್ನೊಮ್ಮೆ ಉಕ್ಕಿಸಿ, ಕುಡಿಯುವ ಬಿಸಿಗೆ ಬರುವ ತನಕ ಆರಿಸಿದೆ. ಅಮ್ಮ ಇದೆಲ್ಲ ನೋಡಿ, ಕಾಫಿ ಮಾಡ್ತಿದೀಯೋ ಜ್ವರ ನೋಡ್ತಿದೀಯೋ ಅಂದಳು. ಲೋಟದ ತಳಕ್ಕೆ ನಂಬರಿನ ಚೀಟಿ ಅಂಟಿಸಿ, ಅಡ್ಡಾದಿಡ್ಡಿ ಜಾಗ ಬದಲಿಸಿದ್ದು ಪಕ್ಕದ ಮನೆಯ ಹುಡುಗಿ.

ಚಿಕೋರಿ ಕಾಫಿಯಲ್ಲಿ ನಾವಿಬ್ಬರೂ ಆರಿಸಿದ್ದು ಕಾದ ಹಾಲು. ಸಂಶಯವೇ ಇರಲಿಲ್ಲ. 62 ಡಿಗ್ರಿಯ ಹಾಲಿನಲ್ಲಿ ಚಿಕೋರಿ ಒಂಟಿಯಾಗಿ ನಿಂತು ಬೇರಿನ ಕಷಾಯದ ಹಾಗೆ ಕಾಣುತ್ತದೆ. ಕಾದ ಹಾಲಿನ ಆ ಸಣ್ಣ ಹೊಗೆ, ಆ ಖೋವಾದ ನೆರಳು ಸಿಕ್ಕ ತಕ್ಷಣ ಅದು ಮನೆಗೆ ಬಂದವರ ಹಾಗೆ ಕೂರುತ್ತದೆ. ಅಪ್ಪ ದಿನಾ ಬೆಳಗ್ಗೆ ಐದೂವರೆಗೆ ಎದ್ದು ಇಳಿಸುತ್ತಿದ್ದ ಕಾಫಿ ಅದು. ಅಮ್ಮ ಏನೂ ಹೇಳಲಿಲ್ಲ, ಆ ಲೋಟ ಪೂರ್ತಿ ಮುಗಿಸಿದಳು.

ಅರೇಬಿಕಾದಲ್ಲಿ ಅಮ್ಮ ಮತ್ತೆ ಕಾದ ಹಾಲನ್ನೇ ಆರಿಸಿದಳು. ನಾನು ಆರಿಸಿದ್ದು 62 ಡಿಗ್ರಿಯದು. ಚೀಟಿ ತಿರುಗಿಸಿ ನೋಡಿದಾಗ ನಂಬಲಾಗದೆ ಇನ್ನೊಂದು ಸುತ್ತು ಮಾಡಿಸಿದೆ. ಮತ್ತೆ ಅದೇ. ಕಾದ ಹಾಲು ಆ ಕಾಫಿಯ ಹಣ್ಣಿನ ರುಚಿಯನ್ನು ನುಂಗಿಹಾಕಿತ್ತು, ಮತ್ತೆ ನನ್ನ ನಾಲಿಗೆಗೆ ಅದು ಬೇಕಾಗಿತ್ತು. ಆ ಮಿಲ್ಕ್ ಡ್ರಿಂಕ್ ಹುಡುಗ ಪಕ್ಕದಲ್ಲಿ ನಿಂತು ಸೌಜನ್ಯದಿಂದ ನಕ್ಕ ಹಾಗಾಯಿತು. ಹತ್ತು ವರ್ಷ ಈ ಊರಿನಲ್ಲಿ ದುಡಿದು, ಕುಡಿದು, ನನ್ನ ನಾಲಿಗೆ ಎಲ್ಲೋ ಅರ್ಧ ದಾರಿಯಲ್ಲಿ ನಿಂತಿದೆ ಅನ್ನೋದು ಗೊತ್ತಿರಲಿಲ್ಲ. ಸೋತೆ ಅಂತ ಅನ್ನಿಸಲಿಲ್ಲ. ಆದರೆ ಸ್ವಲ್ಪ ಹೊತ್ತು ಬಾಲ್ಕನಿಗೆ ಹೋಗಿ ನಿಂತಿದ್ದೆ.

ಈಗ ಮನೆಯಲ್ಲಿ ಎರಡು ಫಿಲ್ಟರು ನಡೆಯುತ್ತವೆ. ಹಾಲು ಮಾತ್ರ ಒಂದೇ ಪಾತ್ರೆ. ವಾರದ ದಿನಗಳಲ್ಲಿ ಅಮ್ಮನ ಚಿಕೋರಿ ಕಾಫಿಯೇ ನನಗೂ. ಭಾನುವಾರ ಅರೇಬಿಕಾ ಇಳಿಸಿದಾಗ, ಹಾಲಿನ ಅಂಚಿನಲ್ಲಿ ಸಣ್ಣ ಗುಳ್ಳೆ ಏಳುವ ಮೊದಲೇ ನನ್ನ ಲೋಟಕ್ಕೆ ಬಗ್ಗಿಸಿಕೊಂಡು ಪಾತ್ರೆಯನ್ನು ಮತ್ತೆ ಒಲೆಯ ಮೇಲೆ ಇಡುತ್ತೇನೆ. ಅಮ್ಮ ನನ್ನ ಲೋಟ ನೋಡಿ ಹಸಿ ಕಾಫಿ ಅಂತಾಳೆ. ಆಮೇಲೆ ಒಲೆಯ ಮುಂದೆ ನಿಂತು, ತನ್ನ ಹಾಲು ಉಕ್ಕೋದನ್ನು ಕಾಯುತ್ತಾಳೆ.